ವಾಲ್ದೆಮಾರನ ಬ್ಯಾಂಡೇಜು ಬಿಚ್ಚಿದ ದಿನ

ಮೊಂಟೆವಿಡಿಯೊ
ನವೆಂಬರ್ 22, 2012

ಪ್ರೀತಿಯ ನೆಲಿದಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಇಷ್ಟು ದಿನ ಕಾಗದ ಹಾಕದ್ದಕ್ಕೆ ಎಷ್ಟು ಬೇಕಾದರೂ ಬೈ. ಬರೆಯೋಣವೆಂದರೆ, ನನ್ನ ಗಂಡ ವಾಲ್ದೆಮಾರನಿಗೆ ಯಾವ ಆಪರೇಷನ್ ಆಯಿತೆಂದು ನನಗೇ ಗೊತ್ತಿರಲಿಲ್ಲ.

ಅವನ ಗುದನಾಳದ ಕ್ಯಾನ್ಸರಿನ ವಿಷಯ ನಿನಗೆ ತಿಳಿದದ್ದೇ. ಡಾಕ್ಟರ್ ಬೆರ್ರುತ್ತಿ, ಎರಡು ಬಗೆಯ ಆಪರೇಷನ್ ಹೋಲಿಸಿ ನೋಡುವ ಒಂದು ಪರೀಕ್ಷೆಗೆ ಸೇರುತ್ತೀರಾ ಎಂದು ಕೇಳಿದರು. ಕೆಲವರಿಗೆ ಹೊಟ್ಟೆಯನ್ನು ಉದ್ದಕ್ಕೆ ಕೊಯ್ದು ಗಡ್ಡೆ ತೆಗೆಯುತ್ತಾರೆ, ಕೆಲವರಿಗೆ ಸಣ್ಣ ತೂತುಗಳಲ್ಲಿ ಕ್ಯಾಮೆರಾ, ಕತ್ತರಿ ತೂರಿಸಿ. ಯಾರಿಗೆ ಯಾವುದೆಂದು ಕಂಪ್ಯೂಟರು ಚೀಟಿ ಎತ್ತುತ್ತದೆ. ಗಡ್ಡೆ ಚೊಕ್ಕವಾಗಿ ಬರುವುದು ಯಾವುದರಲ್ಲಿ ಎಂಬುದೇ ಅವರ ಪ್ರಶ್ನೆ. ಇವನ ಕಿವಿಗೆ ಬಿದ್ದದ್ದು ತೂತಿನ ಮಾತು ಮಾತ್ರ. ಹೊಟ್ಟೆ ಕೊಯ್ದರೆ ಫೆಬ್ರವರಿಯ ಕಾರ್ನಿವಲ್ ಮೆರವಣಿಗೆಯಲ್ಲಿ ಡೋಲು ಹೊರುವುದು ಹೇಗೆ? ತಕ್ಷಣ ಒಪ್ಪಿಬಿಟ್ಟ.

ಆಮೇಲಿನದು ಕೇಳು. ಯಾವ ಆಪರೇಷನ್ ಆಗಿರಲಿ, ಎಲ್ಲರ ಹೊಟ್ಟೆಗೂ ಒಂದೇ ಥರದ ಅಗಲ ಬ್ಯಾಂಡೇಜು. ರೋಗಿಗೂ ನರ್ಸಿಗೂ ಗೊತ್ತಾಗಬಾರದಂತೆ; ಗೊತ್ತಾದರೆ ನೋವಿನ ಲೆಕ್ಕ ತಪ್ಪುತ್ತದಂತೆ. ಡೋಲಿನ ಗೆಳೆಯರು ಬಂದು ಬಾಜಿ ಕಟ್ಟಿದರು. ಗುವಾಲ್ಬೆರ್ತೊ ಅವನನ್ನು ಕೆಮ್ಮಲು ಹೇಳಿದ, ಕಿರುಚಿದರೆ ಕೊಯ್ದಿದ್ದಾರೆ ಎಂದು ಅರ್ಥವಂತೆ. ಇವನು ಕೆಮ್ಮಿ, ಹಲ್ಲು ಕಚ್ಚಿ, “ಇದು ತೂತಿನ ನೋವೇ ಕಣೋ” ಎಂದ. ನಾವಿಬ್ಬರೇ ಇದ್ದಾಗ ಮಾತ್ರ, ಒಂಚೂರು ಎತ್ತಿ ನೋಡೇ ಎಂದು ಗೋಗರೆಯುತ್ತಿದ್ದ. ನನಗೂ ಕೈ ತುರಿಸುತ್ತಿತ್ತು. ಆದರೂ ಅವನ ಕೈಗೆ ಒಂದೇಟು ಕೊಟ್ಟು ಕೂತೆ. ಊಟ ಸೇರುತ್ತಿರಲಿಲ್ಲ, ಕಂಡವರ ಮೇಲೆಲ್ಲ ಹರಿಹಾಯುತ್ತಿದ್ದೆ.

ನಿನ್ನೆ ಬಿಚ್ಚಿದರು. ತೂತುಗಳೇ, ಅಕ್ಕಾ! ಗುವಾಲ್ಬೆರ್ತೊ ಮಂಚದ ಕಂಬಿಯ ಮೇಲೆ ತಾಳ ಬಾರಿಸಿದ, ನರ್ಸು ಗದರಿ ಆಮೇಲೆ ತಾನೂ ನಕ್ಕಳು. ಇವನು ಮಗುವಿನ ಹಾಗೆ ಅತ್ತುಬಿಟ್ಟ.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ರುಫಿನಾ

ಮ.ಬ.: ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಏಳಲಿಲ್ಲ. ಇವತ್ತು ಬೆಳಿಗ್ಗೆ ಡಾಕ್ಟರು ನನ್ನನ್ನು ಹೊರಗೆ ಕರೆದರು. ತೆಗೆದ ತುಂಡಿನ ಅಂಚಿನವರೆಗೂ ಕ್ಯಾನ್ಸರ್ ಇದೆಯಂತೆ. ಅಂದರೆ ಒಳಗೂ ಉಳಿದಿರಬಹುದು. ಕೊಯ್ದಿದ್ದರೆ ಪೂರ್ತಿ ಬರುತ್ತಿತ್ತೇ ಎಂದು ಕೇಳಿದೆ.

“ಗೊತ್ತಿಲ್ಲ ರುಫಿನಾ. ಗೊತ್ತಿದ್ದಿದ್ರೆ ಈ ಪರೀಕ್ಷೆ ಯಾಕೆ ಬೇಕಿತ್ತು?” ಎಂದರು.

ಸಂಜೆ ಅವರೇ ಇವನಿಗೆ ಹೇಳುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆಪರೇಷನ್ನಿನ ಹಿಂದಿನ ದಿನ ನಾನು ದಡಕ್ಕೆ ಹೋಗಿ, ಕಡಲ ದೇವತೆ ಯೆಮಂಜಾ ತಾಯಿಗೆ ನೀರಿನಲ್ಲಿ ಬಿಳಿ ಹೂ ಬಿಟ್ಟು ಹರಕೆ ಹೊತ್ತಿದ್ದೆ. ಸಣ್ಣ ತೂತೇ ಬರಲಿ ಎಂದು ಬೇಡಿಕೊಂಡೆ. ಅವನ ಪ್ರಾಣ ಕೇಳುವುದು ನನಗೆ ಹೊಳೆಯಲೇ ಇಲ್ಲ ಕಣಕ್ಕಾ.