ನಿಮ್ಮ ಚರಕ ತಿರುಗಿತು, ಆಪಾ

ನೂರ್ ಆಪಾ,

ಗೆದ್ದೆವು! ಮೊದಲು ಅದನ್ನು ಹೇಳಿಬಿಡುತ್ತೇನೆ. ಕೋಲಾರದ ನಮ್ಮ ರೇಷ್ಮೆ ಮ್ಯೂಸಿಯಂ ನಿನ್ನೆ ಬಾಗಿಲು ತೆರೆಯಿತು. ನೀವು ಹೋಗಿ ಆರು ತಿಂಗಳಾಯಿತು. ಇನ್ನೊಂದಿಷ್ಟು ದಿನ ಕಾಯಬಾರದಿತ್ತೇ?

ಆ ಮಧ್ಯಾಹ್ನ ನೆನಪಿದೆಯಾ? ಶ್ರೀನಿವಾಸಪುರದ ಮನೆಯಲ್ಲಿ ಚರಕದ ಮುಂದೆ ಕೂತು, ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆ ಹೆಕ್ಕುತ್ತಿದ್ದಿರಿ. ನಾನು ಮ್ಯೂಸಿಯಂಗೆಂದು ಬರೆದ ನನ್ನ ಯೋಜನೆಯನ್ನು ಗತ್ತಿನಿಂದ ಓದಿದೆ: ರೈತರು ಭಾನುವಾರ ಬರುತ್ತಾರೆ, ರೇಷ್ಮೆ ಅವರಿಗೆ ಗೊತ್ತಿರುವುದೇ, ಚರಕವನ್ನು ಗಾಜಿನೊಳಗೆ ಇಟ್ಟರೆ ಸಾಕು. ನೀವು ತಲೆ ಎತ್ತಲೇ ಇಲ್ಲ. "ಅರೆ, ಹುಳಕ್ಕೆ ಭಾನುವಾರ ಐತೇನೇ? ಗೂಡು ಮಾರೋರೆಲ್ಲ ನೂಲು ತೆಗ್ಯೋದು ನೋಡಿರ್ತಾರೆ ಅಂತ ಯಾರ್ನ ಕೇಳಿ ಬರ್ದೆ?" ಎಂದಿರಿ. ಹೋಳೂರಿನ ಹಿಪ್ಪುನೇರಳೆ ತೋಟದಲ್ಲಿ ಬೆಳೆದ ನನಗೇ ಪಾಠವೇ ಎಂದು ಮೈ ಉರಿಯಿತು.

ಆ ಸಿಟ್ಟಿಗೇ ಪರೀಕ್ಷೆ ಮಾಡಿದೆ. ಒಂದು ಭಾನುವಾರ ಹೋಳೂರಿನಲ್ಲಿ ನಾಲ್ಕು ಮೇಜು ಹಾಕಿ, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಜೋಡಿಸಿ ಕಾದೆ. ಬಂದದ್ದು ಎರಡು ಮೇಕೆ. ಊರಿನವರೆಲ್ಲ ಒಂದೇ ದಿನ ಮರಿಹುಳ ತಂದಿದ್ದರು, ಅವು ಪೊರೆ ಬಿಡುವ ಕೊನೆಯ ಜ್ವರದಿಂದ ಎದ್ದು ಗಬಗಬನೆ ಸೊಪ್ಪು ತಿನ್ನುವ ವಾರ ಅದು. ಅಮ್ಮನೂ ಬರಲಿಲ್ಲ. "ಹುಳ ಉಪವಾಸ ಕೆಡವಿ ನಿನ್ನ ಚಂದ್ರಿಕೆ ನೋಡೋಕೆ ಬರ್ಲೇನೇ?" ಅಂದಳು.

ಇದನ್ನು ಬಂದು ಹೇಳಿದಾಗ ನೀವು ಕೆಮ್ಮು ಬರುವಷ್ಟು ನಕ್ಕಿರಿ. ಆಮೇಲೆ ಇಬ್ಬರೂ ಕೂತು, ಯಾರನ್ನೂ ಕೇಳದೆ ಬರೆದ ಸಾಲುಗಳನ್ನೆಲ್ಲ ಹೊಡೆದುಹಾಕಿದೆವು. ಅರ್ಧ ಯೋಜನೆ ಹೋಯಿತು! ನೀವು ಹೇಳಿದಂತೆ ಗೂಡಿನ ಮಾರ್ಕೆಟ್ಟಿನಲ್ಲಿ ದಿನಗಟ್ಟಲೆ ಕೂತು ಕೇಳಿದೆ. ಬೆಳಿಗ್ಗೆ ಗೂಡು ಮಾರಿದವರು ಮಧ್ಯಾಹ್ನ ಬಸ್ಸಿಗೆ ಸುಮ್ಮನೆ ಕಾಯುತ್ತಾರೆ. ಮ್ಯೂಸಿಯಂ ತೆರೆದಿರಬೇಕಾದ ಹೊತ್ತು ಅದೇ ಎಂದು ಅದರ ಸಮಿತಿಯ ಜೊತೆ ಜಗಳವಾಡಿ ಒಪ್ಪಿಸಿದೆ.

ಆದರೆ ನೀವು ಹೋದ ಮೇಲೆ ನಿಮ್ಮ ಚರಕವನ್ನು ಬೇರೆ ಯಾರಾದರೂ ಮುಟ್ಟುವುದು ನನಗೆ ಬೇಡವಾಯಿತು. ನಾನೇ ಗಾಜಿನೊಳಗಿಟ್ಟೆ. 'ಈಗ ಇದನ್ನು ತಿರುಗಿಸುವವರಿಲ್ಲ' ಎಂದು ಚೀಟಿಯನ್ನೂ ಬರೆದೆ. ಬರೆಯುವಾಗ ಅತ್ತಿದ್ದೆ, ಆಪಾ...

ನಿನ್ನೆ ಬೈರಕೂರಿನ ಮಂಜುಳಮ್ಮ ಕಂಕುಳಲ್ಲಿ ಖಾಲಿ ಚೀಲ ಇಟ್ಟುಕೊಂಡು ಆ ಗಾಜಿನ ಮುಂದೆ ನಿಂತೇ ಇದ್ದರು. "ಇದ್ರಾಗೆ ದಾರ ಹೆಂಗ್ ಬರ್ತದಮ್ಮಾ? ಮದ್ವೆಯಾದಾಗ್ಲಿಂದ ಹುಳ ಸಾಕ್ತಿದೀನಿ, ನಮ್ಮ ಗೂಡು ದಾರ ಆಗೋದು ಒಂದಿನಾನೂ ಕಂಡಿಲ್ಲ."

ಗಾಜು ತೆಗೆದೆ. ನಿಮ್ಮ ಮಗಳು ಶಬಾನಾ ನೀರು ಕಾಯಿಸಿದಳು. ಚೀಲದ ಮೂಲೆಯಲ್ಲಿ ಉಳಿದಿದ್ದ ಒಂದು ಹಿಡಿ ಗೂಡನ್ನು ಮಂಜುಳಮ್ಮನೇ ಹಾಕಿದರು. ಶಬಾನಾ ಎಳೆ ಹಿಡಿದಳು, ಅವರು ಚರಕದ ಹಿಡಿ ತಿರುಗಿಸಿದರು. "ನಮ್ದೇನಾ ಇದು? ನಮ್ದೇನಾ?" ಎನ್ನುತ್ತ ನಗುತ್ತಾರೆ, ಅಳುತ್ತಾರೆ. ತಾವೂ ತಿರುಗಿಸಬೇಕೆಂದು ನಿಂತವರ ಸಾಲು ಗೇಟಿನವರೆಗೂ ಬೆಳೆಯಿತು. ಎರಡು ಬಸ್ಸು ಹೋದವು, ಒಬ್ಬರೂ ಕದಲಲಿಲ್ಲ!

ಸೋಮವಾರದಿಂದ ಮಂಜುಳಮ್ಮ ನೂಲು ತೆಗೆಯುವುದನ್ನು ಕಲಿಯಲು ಬರುತ್ತಾರೆ. ಗಾಜಿನ ಪೆಟ್ಟಿಗೆಯನ್ನು ಹಿಂದಕ್ಕೆ ಕಳಿಸಿದೆ, ಚೀಟಿಯನ್ನು ಹರಿದುಹಾಕಿದೆ. ಅದನ್ನು ಯಾರನ್ನು ಕೇಳಿ ಬರೆದಿದ್ದೆ ಅಂತ ಮಾತ್ರ ಕೇಳಬೇಡಿ.

ನಿಮ್ಮ,
ಸುಜಾತ