ಗಾಜು ಕಾಣದ ಕಣ್ಣು

ಪರೀಕ್ಷಾ ಗೋದಾಮು,
ಜೂನ್ ೧೨, ಗುರುವಾರ

ಪ್ರೀತಿಯ ಅಕ್ಕಾ,

ಕಾಲಿನ ಪ್ಲಾಸ್ಟರ್ ಬಿಚ್ಚಿದರೇ? ಚಿಕ್ಕಮ್ಮನ ಮನೆಯ ಮೆಟ್ಟಿಲು ಹತ್ತುವ ಸಾಹಸ ಮಾಡಬೇಡ. ನಿನ್ನ ಹಟ ನನಗೆ ಗೊತ್ತಿಲ್ಲದ್ದೇನಲ್ಲ. ರಿಪೇರಿಗೆಂದು ಒಯ್ದ ನಿನ್ನ ಫೋನು ಇನ್ನೂ ಭಾವನ ಮೇಜಿನ ಮೇಲೇ ಬಿದ್ದಿದೆ. ಅದಕ್ಕೇ ಈ ಕಾಗದ.

ನಿನ್ನ ಯಜಮಾನರ ಪ್ರತಾಪ ಕೇಳು. ನಿನ್ನೆ ಅತಿಥಿಗಳ ಮುಂದೆ ನಮ್ಮ ಡ್ರೋನ್ ಹಾರಿಸುವುದಿತ್ತು. ಯಾರೂ ನಡೆಸದೆ, ಕ್ಯಾಮೆರಾದಲ್ಲಿ ಕಂಡದ್ದನ್ನಷ್ಟೇ ನಂಬಿ, ದಾರಿ ತಾನೇ ಹುಡುಕಿಕೊಂಡು ಅದು ಗೋದಾಮಿನ ಆ ತುದಿ ಮುಟ್ಟಬೇಕು. ಪ್ಯಾಕಿಂಗ್ ಕೋಣೆಯ ಗಾಜಿನ ಗೋಡೆ ಅದಕ್ಕೆ ಕಾಣುವುದಿಲ್ಲ, ಬಯಲೆಂದುಕೊಂಡು ನುಗ್ಗುತ್ತದೆ ಎಂದು ಬಡಕೊಂಡೆ. ಒಪ್ಪಿಗೆ ಕೊಡಬೇಕಾದ ಸುರಕ್ಷತಾ ಅಧಿಕಾರಿ ನೀನು, ನೀನು ಬರುವ ತನಕ ತಡೆಯೋಣ ಎಂದೆ. ಗಾಜಿಗೆ ಬಣ್ಣದ ಪಟ್ಟಿಯನ್ನೂ ಅಂಟಿಸಿದೆ. "ತೆಗಿಯೇ ಅದನ್ನ, ಮಕ್ಕಳ ಶಾಲೆ ಥರ ಕಾಣುತ್ತೆ" ಎಂದು ಭಾವ ಕೀಳಿಸಿದರು. ಡ್ರೋನಿನ ಬಗ್ಗೆ ಆ ಮನುಷ್ಯನಿಗೆ ಗೊತ್ತಿರುವುದು ಅದರ ಬಣ್ಣ ಒಂದೇ. ಅದೂ ಯಾರನ್ನೋ ಕೇಳಿ ತಿಳಿದುಕೊಂಡದ್ದು.

ಹಾರಿದ ಡ್ರೋನ್ ಸೀದಾ ಗಾಜಿನತ್ತ ತಿರುಗಿತು. ಒಳಗೆ ನಮ್ಮ ಪ್ಯಾಕಿಂಗ್ ಅಜ್ಜಿ ತಲೆ ಬಗ್ಗಿಸಿ ಚೀಟಿ ಅಂಟಿಸುತ್ತಿದ್ದರು. ನಾನು ನಿಲ್ಲಿಸುವ ಗುಂಡಿಗೆ ಕೈ ಹಾಕಿದರೆ ಭಾವ ನನ್ನ ಮಣಿಕಟ್ಟು ಹಿಡಿದುಬಿಟ್ಟರು. "ತಡಿಯೇ, ಅದೇ ತಿರುಗುತ್ತೆ." ತಿರುಗಲಿಲ್ಲ. ಗಾಜು ಒಡೆದು ಅಜ್ಜಿಯ ಹಣೆ ಸೀಳಿತು. ನಾನು ಅವರನ್ನು ವ್ಯಾನಿಗೆ ಹತ್ತಿಸುವಾಗ ಮಹಾನುಭಾವರು ಡ್ರೋನನ್ನು ಮಗುವಿನಂತೆ ಎತ್ತಿಕೊಂಡು ಧೂಳು ಒರೆಸುತ್ತಿದ್ದರು. ಅತಿಥಿಗಳಿಗೆ ಹೇಳಿದ್ದೇನು ಗೊತ್ತೇ? "ಏನಿಲ್ಲ, ಸ್ವಲ್ಪ ಗಾಳಿ ಜಾಸ್ತಿಯಾಯ್ತು." ಬಾಗಿಲು ಹಾಕಿದ ಗೋದಾಮಿನೊಳಗೆ ಗಾಳಿ, ಅಕ್ಕಾ! ಸುಳ್ಳು ಹೇಳುವುದಕ್ಕೂ ಒಂದಿಷ್ಟು ತಲೆ ಬೇಕಲ್ಲ.

ಅಜ್ಜಿಗೆ ಒಂಬತ್ತು ಹೊಲಿಗೆ. ಪುಣ್ಯಕ್ಕೆ ಕಣ್ಣು ಉಳಿಯಿತು. ಆಸ್ಪತ್ರೆಯಲ್ಲಿ ನನ್ನ ಕೈ ಬಿಡದೆ, "ನನ್ನ ಕೆಲಸ ಹೋಗುತ್ತೇನಮ್ಮಾ?" ಎಂದು ಕೇಳಿದರು. ಸೋಮವಾರ ವಿಚಾರಣೆ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ನಿನ್ನ ಗಂಡ ಎಂದು ನಾಲಿಗೆ ಕಚ್ಚಿಕೊಳ್ಳುವ ಕಾಲ ಮುಗಿಯಿತು, ನೋವಾದರೆ ಕ್ಷಮಿಸು.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ತಂಗಿ

ಅವಸರದಲ್ಲಿ: ವ್ಯಾನ್ ಡ್ರೈವರ್ ಈ ಕಾಗದಕ್ಕಾಗಿ ಕಾಯುತ್ತಿದ್ದಾನೆ. ವಿಚಾರಣೆಯ ಕಡತ ಈಗಷ್ಟೇ ನೋಡಿದೆ. ಹಾರಾಟಕ್ಕೆ ಒಪ್ಪಿಗೆ ಕೊಟ್ಟ ಪತ್ರದ ಕೆಳಗೆ ನಿನ್ನ ಸಹಿ ಇದೆ. ತಾರೀಖು, ನಿನ್ನ ಕಾಲಿನ ಆಪರೇಷನ್ ಆದ ದಿನದ್ದು. ನಾಳೆ ಭಾವ ಹಣ್ಣು ಹಿಡಿದುಕೊಂಡು ನಿನ್ನನ್ನು ನೋಡಲು ಬರುತ್ತಾರಂತೆ. ಎಷ್ಟೇ ಗೋಗರೆದರೂ ಆ ಸಹಿ ನಿನ್ನದೆಂದು ಒಪ್ಪಬೇಡ.