ಒಂಟಿ ಕಾಲಿನ ಎಣಿಕೆ

ನವೆಂಬರ್ 4, 1994. ಬೆಳಿಗ್ಗೆ 6.30

ಇವತ್ತೂ ಪಾಂಡವಪುರದ ನಾಲೆ ಏರಿ. ಎದುರುಮನೆ ಸಮ್ರೀನಕ್ಕ ಎರಡೆರಡು ಸ್ವೆಟರ್ ಹಾಕಿಕೊಂಡು ಓಡುತ್ತಾಳೆ, ಹಿಂದೆ ನಾನು ಸೈಕಲ್ಲಲ್ಲಿ. ಜೂಡೋ ಸೆಲೆಕ್ಷನ್‌ಗೆ ಹದಿನಾರು ದಿನ. ಅರೆಹೊಟ್ಟೆಯಲ್ಲಿದ್ದು ಐವತ್ತೊಂದು ಕೆಜಿಯಿಂದ ನಲವತ್ತೆಂಟಕ್ಕೆ ಇಳಿಯಬೇಕು. ಕೋಚ್ ತಿಮ್ಮರಾಜು ಸರ್ ಆರ್ಡರು. ನಲವತ್ತೆಂಟು ದಾಟಿದರೆ ಐವತ್ತೆರಡರ ಗುಂಪು, ಅದರಲ್ಲಿ ಕೆ.ಆರ್. ಪೇಟೆಯ ಚಾಂಪಿಯನ್ ಇದ್ದಾಳಂತೆ, ಭಯ!

ಕೊನೆಗೆ ಸೇತುವೆ ಕಟ್ಟೆ ಮೇಲೆ ಒಂಟಿ ಕಾಲಲ್ಲಿ ನಿಲ್ಲುವುದು, ಕಣ್ಣು ಮುಚ್ಚಿ. ಎಣಿಸುವುದು ನನ್ನ ಡ್ಯೂಟಿ. ನಲವತ್ತೆರಡು. ಸೂಪರ್.

ನವೆಂಬರ್ 11

ಸೋಮಯ್ಯನ ಬೆಲ್ಲದ ಮಂಡಿಯ ಕಾಟಾದಲ್ಲಿ ತೂಕ: ನಲವತ್ತೊಂಬತ್ತೂವರೆ. ಒಂಟಿ ಕಾಲು: ಇಪ್ಪತ್ತು... ಅರ್ಧಕ್ಕರ್ಧ! ಸರ್‌ಗೆ ಹೇಳಿದೆ.

"ನಿಂಗೇನ್ ಗೊತ್ತಮ್ಮಿ? ಎಣ್ಸೋದ್ ಬುಟ್ಟು ಸೈಕಲ್ ತುಳಿ."

ಥೂ. ಇವರ ಜೊತೆ ಏಗಿ ಸಾಕಾಯಿತು.

ನವೆಂಬರ್ 17

ಒಂಬತ್ತು. ಬರೀ ಒಂಬತ್ತು. ಕಾಲು ನಡುಗಿ ನಾಲೆ ಕಡೆ ವಾಲಿದಳು. ಸ್ವೆಟರ್ ಹಿಡಿದು ಎಳೆದೆ. ಬೈದರೆ ನಗುತ್ತಾಳೆ.

ಅವಳಮ್ಮ ಅಮೀನಾಬೀ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಯಾ ಅಲ್ಲಾ, ನಿಲ್ಲಕ್ಕೇ ಆಗ್ದೆ ಇರೋಳು ಇನ್ನೊಬ್ಳನ್ನ ಎಂಗೆ ಬೀಳಿಸ್ತೀಯೇ?"

ಕರೆಕ್ಟ್. ಯಾರು ಕೇಳಬೇಕು?

ನವೆಂಬರ್ 20, ಭಾನುವಾರ. ಶ್ರೀರಂಗಪಟ್ಟಣ, ಬೆಳಿಗ್ಗೆ 8.15

ಐವತ್ತು!! ನಿನ್ನೆ ಮಂಡಿಯಲ್ಲಿ ಸರಿಯಾಗಿ ನಲವತ್ತೆಂಟು, ಇಲ್ಲಿ ಸೆಲೆಕ್ಷನ್‌ನವರ ಕಾಟಾದಲ್ಲಿ ಐವತ್ತು. ಸರ್ ಇಳಿಸಿ ಮತ್ತೆ ಹತ್ತಿಸಿದರು. ಐವತ್ತೇ.

ಬುತ್ತಿ ಹೊತ್ತು ಜೊತೆಗೆ ಬಂದಿದ್ದ ನಮ್ಮಜ್ಜಿ ಬೈರಮ್ಮ ಹಣೆ ಚಚ್ಚಿಕೊಂಡಿತು. "ಲೇ ತಿಮ್ಮ, ಸೋಮಯ್ಯನ್ ಕಾಟಾದಲ್ಲಾ ತೂಗ್ಸಿದ್ದು? ರೈತ್ರತ್ರ ಬೆಲ್ಲ ತಕ್ಕೊಳೋ ಕಾಟಾ ಕಣ್ಲಾ ಅದು! ಎಲ್ಡ್ ಕೆಜಿ ನುಂಗ್ಬುಡ್ತದೆ. ಊರ್ಗೆಲ್ಲಾ ಗೊತ್ತು."

ಊರಿಗೆಲ್ಲಾ ಗೊತ್ತು. ನಮಗೆ ಮೂವರಿಗೆ ಬಿಟ್ಟು. ಹದಿನಾರು ದಿನದ ಉಪವಾಸ ನೀರಲ್ಲಿ ಹೋಮ.

ಸರ್ ತಲೆ ತಗ್ಗಿಸಿ, "ವಾಪಸ್ ಓಗಮ ನಡೀರಿ" ಅಂದರು.

"ಯಾಕೆ ಸಾ? ಐವತ್ತೆರಡರ ಗುಂಪಿಗೆ ನನ್ ಹೆಸ್ರು ಬರ್ಸಿ," ಅಂದಳು ಅಕ್ಕ. "ಅಜ್ಜಿ, ಆ ಬುತ್ತಿ ಬಿಚ್ಚು."

ಏಳು ಇಡ್ಲಿ. ಎಣಿಸಿದೆ.

12.05

ಗ್ಯಾಲರಿಯಲ್ಲಿ ಕೂತು ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಉಗುರೆಲ್ಲ ಖಾಲಿ. ಮೊದಲ ಆಟವೇ ಕೆ.ಆರ್. ಪೇಟೆಯವಳ ಜೊತೆ. ಏನ್ ಹಣೆಬರಹ! ಇನ್ನು ಒಂದೇ ನಿಮಿಷ. ಇಬ್ಬರಿಗೂ ಪಾಯಿಂಟ್ ಇಲ್ಲ. ಅಯ್ಯೋ... ಅವಳು ಅಕ್ಕನ ಬಲಗಾಲು ಹಿಡಿದು ಎತ್ತಿಬಿಟ್ಟಳು. ಬೆನ್ನ ಮೇಲೆ ಬಿದ್ದರೆ ಆಟವೇ ಮುಗೀತು. ಅಕ್ಕ ಒಂಟಿ ಕಾಲಲ್ಲಿ ಕುಪ್ಪಳಿಸುತ್ತಿದ್ದಾಳೆ, ಅವಳ ಕಾಲರ್ ಬಿಟ್ಟಿಲ್ಲ.

ಸರ್ ನನ್ನ ಕಡೆ ತಿರುಗಿ ಕಿರುಚುತ್ತಿದ್ದಾರೆ. "ಎಣ್ಸಮ್ಮಿ! ಜೋರಾಗ್ ಎಣ್ಸು!"

ಮನಸ್ಸಲ್ಲಿ ಆಗಲೇ ಐದಾಗಿತ್ತು. ಆರು. ಏಳು. ಎಂಟು. ಒಂಬತ್ತು. ಹತ್ತು! ಇನ್ನೂ ನಿಂತಿದ್ದಾಳೆ. ಅವಳೇ ವಾಲುತ್ತಿದ್ದಾಳೆ, ಕೆ.ಆರ್. ಪೇಟೆಯವಳು, ಬೆನ್ನು ನೆಲಕ್ಕೆ— ಹನ್ನೊಂ